ಎರಡು ಕಾಯಿ ಸಾಲ ತಂದರೆ ಬಗೆಹರಿಯುವ ಲೆಕ್ಕ: ಒಗಟುಗಳ ದಾರಿಯಲ್ಲಿ ಗಣಿತ

ಡಿಸೆಂಬರ್ ಎರಡನೆಯ ವಾರ ಕಳೆಯುತ್ತಿದ್ದಂತೆ ತುಮಕೂರು ಜಿಲ್ಲೆಯ ಶಾಲೆಗಳಲ್ಲಿ ಗಣಿತ ದಿನದ ಗಡಿಬಿಡಿ ಶುರುವಾಗುತ್ತದೆ. ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು. 2012ರಿಂದ ಆ ದಿನವನ್ನು ರಾಷ್ಟ್ರೀಯ ಗಣಿತ ದಿನವೆಂದು ದೇಶವೆಲ್ಲ ಆಚರಿಸುತ್ತಿದೆ. ಭಿತ್ತಿಪತ್ರ, ರಸಪ್ರಶ್ನೆ, ಮೆಟ್ರಿಕ್ ಮೇಳದ ಪುಟ್ಟ ಅಂಗಡಿಗಳ ಜೊತೆಗೆ ಒಂದೆರಡು ಒಗಟುಗಳೂ ಮಕ್ಕಳ ಜೊತೆ ಮನೆಗೆ ಬರುತ್ತವೆ. ತೊಡಕು ಅಲ್ಲಿಂದ ಆರಂಭ. ಮಗು ಉತ್ಸಾಹದಿಂದ ಕೇಳುತ್ತದೆ. ತಮ್ಮ ಕಾಲದಲ್ಲಿ ಗಣಿತವೆಂದರೆ ಎದೆ ಹೊಡೆದುಕೊಳ್ಳುತ್ತಿದ್ದ ಅಪ್ಪ ಅಮ್ಮ "ನಿಮ್ಮ ಮೇಷ್ಟ್ರನ್ನೇ ಕೇಳು" ಎಂದು ಜಾರಿಕೊಳ್ಳುತ್ತಾರೆ.

ಈ ಬರಹ ಅಂಥ ಅಪ್ಪ ಅಮ್ಮಂದಿರಿಗಾಗಿ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟು ಬಂದರೆ ಸಾಕು. ಒಂದು ಹಾಳೆ, ಒಂದು ಪೆನ್ಸಿಲ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಅಭ್ಯಾಸದ ಲೆಕ್ಕಕ್ಕೂ ಒಗಟಿಗೂ ಏನು ವ್ಯತ್ಯಾಸ?

ಪಠ್ಯಪುಸ್ತಕದ ಅಭ್ಯಾಸದಲ್ಲಿ ದಾರಿ ಮೊದಲೇ ಗೊತ್ತಿರುತ್ತದೆ. ಸರಳ ಬಡ್ಡಿಯ ಪಾಠದ ಕೊನೆಯಲ್ಲಿ ಹತ್ತು ಲೆಕ್ಕಗಳಿದ್ದರೆ ಹತ್ತಕ್ಕೂ ಸರಳ ಬಡ್ಡಿಯ ಸೂತ್ರವೇ ಬೇಕು ಎಂಬುದು ಮಗುವಿಗೆ ತಿಳಿದಿರುತ್ತದೆ. ಅಲ್ಲಿ ಬೇಕಾದದ್ದು ಕೈ ಪಳಗುವುದು. ಒಗಟಿನಲ್ಲಿ ಯಾವ ಸೂತ್ರ, ಯಾವ ಪಾಠ ಎಂದು ಯಾರೂ ಹೇಳಿಕೊಡುವುದಿಲ್ಲ. ಎಲ್ಲಿಂದ ಹೊರಡಬೇಕು ಎಂಬುದನ್ನೂ ಬಿಡಿಸುವವರೇ ಕಂಡುಕೊಳ್ಳಬೇಕು. ಕೈ ಪಳಗುವುದೂ ಬೇಕು, ದಾರಿ ಹುಡುಕುವುದೂ ಬೇಕು. ನಮ್ಮ ಮನೆಗಳಲ್ಲಿ ಮೊದಲನೆಯದಕ್ಕೆ ಸಿಗುವ ಸಮಯ ಎರಡನೆಯದಕ್ಕೆ ಸಿಗುವುದಿಲ್ಲ.

ಅಂಕಿಗಳೇ ಇಲ್ಲದ ಒಗಟುಗಳೂ ಇವೆ. ಹುಲಿ, ಮೇಕೆ, ಹುಲ್ಲಿನ ಹೊರೆಯನ್ನು ಹೊಳೆ ದಾಟಿಸುವ ಒಗಟು ನಮ್ಮಲ್ಲಿ ಅನೇಕರಿಗೆ ಗೊತ್ತು. ದೋಣಿಯಲ್ಲಿ ಅಂಬಿಗನ ಜೊತೆಗೆ ಇನ್ನೊಂದಕ್ಕೆ ಮಾತ್ರ ಜಾಗ. ಅವನು ಇಲ್ಲದಾಗ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು ಮೇಯುತ್ತದೆ. ಮೊದಲು ಮೇಕೆಯನ್ನು ದಾಟಿಸಬೇಕು ಎಂಬುದು ಬೇಗ ಹೊಳೆಯುತ್ತದೆ. ಆಮೇಲೆ ಹುಲ್ಲನ್ನು ಒಯ್ದರೂ ಹುಲಿಯನ್ನು ಒಯ್ದರೂ ಆ ದಡದಲ್ಲಿ ಅನಾಹುತ. ಇಲ್ಲಿ ಎಲ್ಲರೂ ನಿಲ್ಲುತ್ತಾರೆ. ದಾಟಿಸಿದ ಮೇಕೆಯನ್ನು ಹಿಂದಕ್ಕೆ ತರಬಹುದು ಎಂಬುದು ಹೊಳೆದ ಕ್ಷಣ ಗಂಟು ಬಿಚ್ಚಿಕೊಳ್ಳುತ್ತದೆ: ಹುಲ್ಲನ್ನು ಒಯ್ದು, ಮೇಕೆಯನ್ನು ವಾಪಸು ತಂದು, ಹುಲಿಯನ್ನು ಒಯ್ದು, ಕೊನೆಗೆ ಮತ್ತೆ ಮೇಕೆ. ಹೋಗುವುದು ಬರುವುದು ಸೇರಿ ಏಳು ಸಲ. ಮುಂದೆ ಹೋಗಲು ಒಮ್ಮೆ ಹಿಂದೆ ಬರಬೇಕಾಗಬಹುದು ಎಂಬ ಈ ಉಪಾಯ ದೊಡ್ಡ ಗಣಿತದಲ್ಲೂ ಪದೇ ಪದೇ ಬರುತ್ತದೆ. ಮುಂದಿನ ಒಗಟಿನಲ್ಲೇ ಅದನ್ನು ನೋಡೋಣ.

ತೋಟದ ಮೂವರು, ಒಂದು ಗುಡ್ಡೆ ಕಾಯಿ

ತಿಪಟೂರಿನ ಕೊಬ್ಬರಿ ಮಾರುಕಟ್ಟೆ ದೇಶಕ್ಕೆಲ್ಲ ಗೊತ್ತು. ಆ ಸೀಮೆಯಲ್ಲಿ ತೆಂಗಿನಕಾಯಿಯ ಲೆಕ್ಕ ಬಾರದವರು ಸಿಗುವುದು ಕಷ್ಟ. ಹಾಗಾಗಿ ಈ ಒಗಟನ್ನು ಅಲ್ಲಿನ ಒಂದು ತೋಟದಲ್ಲೇ ಇಡೋಣ.

ಮೂವರು ಸೇರಿ ತೋಟವೊಂದನ್ನು ಗುತ್ತಿಗೆ ಹಿಡಿದಿದ್ದಾರೆ. ಕಾಯಿ ಕೆಡವಿ, ಗುಡ್ಡೆ ಹಾಕಿ, ಬೆಳಗ್ಗೆ ಸಮನಾಗಿ ಹಂಚಿಕೊಳ್ಳೋಣ ಎಂದು ಅಲ್ಲೇ ಮಲಗುತ್ತಾರೆ. ನಡುರಾತ್ರಿ ಒಬ್ಬನಿಗೆ ಎಚ್ಚರವಾಗುತ್ತದೆ. ಉಳಿದಿಬ್ಬರ ಮೇಲೆ ನಂಬಿಕೆ ಸಾಲದೆ ಗುಡ್ಡೆಯನ್ನು ಮೂರು ಸಮಪಾಲು ಮಾಡುತ್ತಾನೆ. ಒಂದು ಕಾಯಿ ಮಿಗುತ್ತದೆ. ಅದನ್ನು ಕೋತಿಗಿರಲಿ ಎಂದು ಬದುವಿನ ಮೇಲಿಟ್ಟು, ತನ್ನ ಪಾಲನ್ನು ಬಚ್ಚಿಟ್ಟು, ಉಳಿದ ಎರಡು ಪಾಲನ್ನು ಮತ್ತೆ ಒಂದೇ ಗುಡ್ಡೆ ಮಾಡಿ ಮಲಗುತ್ತಾನೆ. ಸ್ವಲ್ಪ ಹೊತ್ತಿಗೆ ಎರಡನೆಯವನು ಎದ್ದು ಉಳಿದ ಗುಡ್ಡೆಗೆ ಹಾಗೆಯೇ ಮಾಡುತ್ತಾನೆ. ಅವನಿಗೂ ಒಂದು ಮಿಗುತ್ತದೆ, ಕೋತಿಗೆ ಹೋಗುತ್ತದೆ. ಮೂರನೆಯವನದೂ ಅದೇ ಕಥೆ. ಬೆಳಗ್ಗೆ ಮೂವರೂ ಏನೂ ಆಗದವರಂತೆ ಎದ್ದು, ಉಳಿದ ಕಾಯಿಗಳನ್ನು ಹಂಚಿಕೊಂಡಾಗ ಮೂರು ಪಾಲು ಸರಿಯಾಗಿ ಬರುತ್ತದೆ, ಒಂದೂ ಮಿಗುವುದಿಲ್ಲ. ಹಾಗಾದರೆ ಮೊದಲು ಗುಡ್ಡೆಯಲ್ಲಿ ಕನಿಷ್ಠ ಎಷ್ಟು ಕಾಯಿಗಳಿದ್ದವು?

ಮುಂದಿನಿಂದ ಹೊರಟರೆ ಕಗ್ಗಂಟು. ಹಿಂದಿನಿಂದ ಬರೋಣ. ಬೆಳಗ್ಗೆ ತಲಾ ಒಂದೊಂದು ಕಾಯಿ ಸಿಕ್ಕಿತು ಎಂದುಕೊಂಡರೆ ಆಗ ಗುಡ್ಡೆಯಲ್ಲಿ ಮೂರು ಇದ್ದವು. ಆ ಮೂರು ಕಾಯಿಗಳು ಮೂರನೆಯವನು ಬಿಟ್ಟುಹೋದ ಎರಡು ಸಮಪಾಲುಗಳಾಗಿರಬೇಕು. ಮೂರನ್ನು ಎರಡು ಸಮಪಾಲು ಮಾಡಲಾಗದು, ಹಾಗಾಗಿ ಇದು ಬಿತ್ತು. ತಲಾ ಎರಡು ಸಿಕ್ಕಿತು ಎಂದರೆ ಬೆಳಗಿನ ಗುಡ್ಡೆ ಆರು. ಪಾಲು ಮೂರರಂತೆ ಎರಡು ಪಾಲು. ಮೂರನೆಯವನು ಬಚ್ಚಿಟ್ಟ ಮೂರನ್ನೂ ಕೋತಿಯ ಒಂದನ್ನೂ ಸೇರಿಸಿದರೆ ಅವನು ಎದ್ದಾಗ ಹತ್ತು ಇದ್ದವು. ಹತ್ತು ಎಂದರೆ ಐದೈದರ ಎರಡು ಪಾಲು. ಇನ್ನೊಂದು ಐದು, ಕೋತಿಯ ಒಂದು, ಅಲ್ಲಿಗೆ ಹದಿನಾರು. ಹದಿನಾರು ಎಂದರೆ ಎಂಟೆಂಟು. ಇನ್ನೊಂದು ಎಂಟು, ಮತ್ತೊಂದು ಕೋತಿಗೆ, ಒಟ್ಟು ಇಪ್ಪತ್ತೈದು. ಉತ್ತರ 25.

ಬಹಳ ಮಂದಿ ಇಲ್ಲಿಗೆ ಹಾಳೆ ಮಡಚುತ್ತಾರೆ. ಗಣಿತದ ನಿಜವಾದ ರುಚಿ ಸಿಗುವುದು ಇನ್ನೊಂದು ಹೆಜ್ಜೆ ಮುಂದೆ ಹೋದಾಗ. 25 ಎಂಬ ಸಂಖ್ಯೆಯೇ ಏಕೆ? ಇದರ ಹಿಂದೆ ಏನಾದರೂ ಇದೆಯೇ?

ಪಕ್ಕದ ತೋಟದಿಂದ ಎರಡು ಕಾಯಿ ಸಾಲ ತಂದು ಗುಡ್ಡೆಗೆ ಹಾಕಿದ್ದೇವೆ ಎಂದುಕೊಳ್ಳಿ. ಈಗ 27. ಮೊದಲನೆಯವನು ಮೂರು ಪಾಲು ಮಾಡಿದರೆ ಒಂಬತ್ತೊಂಬತ್ತು, ಏನೂ ಮಿಗುವುದಿಲ್ಲ. ಅವನ ಒಂಬತ್ತರಲ್ಲಿ ಎಂಟು ಅವನದು, ಒಂದು ಕೋತಿಯದು. ಅಂದರೆ ಗುಡ್ಡೆಯಿಂದ ಹೊರಗೆ ಹೋಗುವ ಕಾಯಿ ಮೊದಲಿನಷ್ಟೇ. ಉಳಿಯುವುದು 18, ಅದರಲ್ಲಿ ಸಾಲದ ಎರಡು ಹಾಗೆಯೇ ಇವೆ. ಎರಡನೆಯವನು ಮೂರನೆಯ ಒಂದು ಪಾಲು ಒಯ್ದರೆ 12, ಮೂರನೆಯವನು ಒಯ್ದರೆ 8. ಬೆಳಗ್ಗೆ ಸಾಲದ ಎರಡು ಕಾಯಿ ಹಿಂದಿರುಗಿಸಿದರೆ ಉಳಿದದ್ದು ಆರು, ತಲಾ ಎರಡು. ಪ್ರತಿ ಸಲ ಕಾಡುತ್ತಿದ್ದ ಆ "ಒಂದು ಮಿಗುವ" ತೊಡಕನ್ನು ಸಾಲದ ಕಾಯಿಗಳು ಅಳಿಸಿಹಾಕಿದವು. ಮೂರು ಸಲ ಮೂರರಿಂದ ನಿಶ್ಶೇಷವಾಗಿ ಭಾಗವಾಗುವ ಅತಿ ಸಣ್ಣ ಸಂಖ್ಯೆ 3×3×3, ಅಂದರೆ 27. ಅದರಲ್ಲಿ ಸಾಲ ಕಳೆದರೆ 25. ಸಾಲ ತಂದ ಕಾಯಿಗಳನ್ನು ಯಾರೂ ತಿನ್ನಲಿಲ್ಲ, ಮಾರಲಿಲ್ಲ, ಆದರೆ ಅವು ಬಂದದ್ದರಿಂದಲೇ ಲೆಕ್ಕ ಬಗೆಹರಿಯಿತು. ಇಷ್ಟು ಸೊಗಸಾದ ಉಪಾಯ ಇಷ್ಟು ಸಣ್ಣ ಲೆಕ್ಕದಲ್ಲಿ ಅಡಗಿರುವುದನ್ನು ಕಂಡಾಗ ಆಗುವ ಸಂತೋಷಕ್ಕೆ ನನಗೆ ಬೇರೆ ಹೋಲಿಕೆ ತಿಳಿಯದು.

ಈ ಉಪಾಯದ ಬಲ ಗೊತ್ತಾಗುವುದು ಜನ ಹೆಚ್ಚಾದಾಗ. ಮೂವರ ಬದಲು ಐವರು, ಐವರೂ ರಾತ್ರಿ ಎದ್ದರು ಎನ್ನಿ. ಹಿಂದಿನಿಂದ ತಡಕಾಡುತ್ತಾ ಹೋದರೆ ಸಂಜೆಯಾಗುತ್ತದೆ. ನಾಲ್ಕು ಕಾಯಿ ಸಾಲ ತನ್ನಿ. ಐದನ್ನು ಐದು ಸಲ ಗುಣಿಸಿದರೆ 3125, ಅದರಲ್ಲಿ ನಾಲ್ಕು ಕಳೆದರೆ 3121. ಅದೇ ಉತ್ತರ. 1926ರಲ್ಲಿ ಅಮೆರಿಕದ ವಾರಪತ್ರಿಕೆಯೊಂದು ಐವರ ಈ ಒಗಟಿರುವ ಕಥೆಯನ್ನು ಉತ್ತರ ಕೊಡದೆ ಅಚ್ಚುಹಾಕಿತ್ತು. ಉತ್ತರ ಕೇಳಿ ಬಂದ ಓದುಗರ ಪತ್ರಗಳು ಕಚೇರಿಯಲ್ಲಿ ರಾಶಿ ಬಿದ್ದವು.

ನಾಲ್ವರಿದ್ದರೆ? ಮೂರು ಸಾಲ, 4×4×4×4 ಎಂದರೆ 256, ಉತ್ತರ 253 ಎಂದು ಅವಸರಪಟ್ಟರೆ ಬೆಳಗಿನ ಹಂಚಿಕೆ ಕೆಡುತ್ತದೆ. ರಾತ್ರಿಯ ನಾಲ್ಕು ಪಾಲು ಸರಿಯಾಗಿಯೇ ನಡೆದು, ಬೆಳಗ್ಗೆ 78 ಕಾಯಿ ಉಳಿದು, ನಾಲ್ವರಿಗೆ ಹಂಚಲಾಗದೆ ನಿಲ್ಲುತ್ತದೆ. 256ರ ಮಗ್ಗಿಯಲ್ಲಿ ಇನ್ನೂ ಮುಂದೆ ಹೋಗಿ 768ರಲ್ಲಿ ನಿಲ್ಲಬೇಕು. ಉತ್ತರ 765. 512 ಏಕೆ ಆಗದು ಎಂಬುದನ್ನು ಮಕ್ಕಳಿಗೇ ಬಿಡಿ.

ಕನ್ನಡನಾಡಿನ ಹಳೆಯ ಒಗಟುಗಳು

ಇಂಥ ಹಂಚಿಕೆಯ ಒಗಟುಗಳು ನಮಗೆ ಹೊರಗಿನಿಂದ ಬಂದವು ಎಂದುಕೊಳ್ಳಬೇಕಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ "ಗಣಿತಸಾರಸಂಗ್ರಹ" ಎಂಬ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಕಾಡಿನ ಅಂಚಿಗೆ ಬಂದ ದಾರಿಹೋಕರ ಲೆಕ್ಕವೊಂದಿದೆ. ಸಮನಾದ 63 ಬಾಳೆಹಣ್ಣಿನ ರಾಶಿಗಳು, ಜೊತೆಗೆ ಬಿಡಿಯಾಗಿ ಏಳು ಹಣ್ಣು. ಎಲ್ಲವನ್ನೂ 23 ದಾರಿಹೋಕರಿಗೆ ಹಂಚಿದರೆ ಒಂದೂ ಮಿಗುವುದಿಲ್ಲ. ಒಂದೊಂದು ರಾಶಿಯಲ್ಲಿ ಎಷ್ಟು ಹಣ್ಣು?

63ನ್ನು ನೇರವಾಗಿ ಹಿಡಿದುಕೊಂಡು ಹೋಗುವ ಬದಲು ಅದರ ನೆರೆಯ 69ನ್ನು ನೋಡಿ. ಅದು 23ರ ಮೂರು ಪಟ್ಟು. 63 ಎಂದರೆ 69ಕ್ಕೆ ಆರು ಕಡಿಮೆ. 69 ರಾಶಿಗಳಿದ್ದಿದ್ದರೆ ಹಂಚಿಕೆಗೆ ತೊಂದರೆಯೇ ಇರಲಿಲ್ಲ. ಆ ಆರು ರಾಶಿಗಳ ಕೊರತೆಯಲ್ಲಿ ಏಳು ಹಣ್ಣು ತುಂಬಿದ ಮೇಲೆ ಉಳಿಯುವ ಕೊರತೆ 23ರ ಮಗ್ಗಿಯಲ್ಲಿ ಬಂದರೆ ಸಾಕು. ರಾಶಿಯಲ್ಲಿ ಐದು ಹಣ್ಣಿದ್ದರೆ ಆರು ರಾಶಿಗೆ ಮೂವತ್ತು, ಏಳು ಕಳೆದರೆ ಸರಿಯಾಗಿ 23. ಒಟ್ಟು 322 ಹಣ್ಣು, ತಲಾ 14. ಇಂಥ ಲೆಕ್ಕಗಳನ್ನು ಬಿಡಿಸುವ ಕ್ರಮಕ್ಕೆ ಭಾರತೀಯ ಗಣಿತದಲ್ಲಿ ಕುಟ್ಟಕ ಎಂದು ಹೆಸರು. ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟನೇ ಅದರ ನಿಯಮ ಕೊಟ್ಟಿದ್ದ. ಬೇರೆ ಬೇರೆ ವೇಗದಲ್ಲಿ ಸುತ್ತುವ ಗ್ರಹಗಳು ಮತ್ತೆ ಯಾವಾಗ ಒಟ್ಟಿಗೆ ಬರುತ್ತವೆ ಎಂಬ ಲೆಕ್ಕಕ್ಕೆ ಅದು ಬೇಕಿತ್ತು.

ಮಹಾವೀರಾಚಾರ್ಯನಿಗೆ ಅಂಕಿಗಳ ಅಂದವೂ ಇಷ್ಟ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವನು ಹಾರವೆಂದು ಕರೆದ. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಮೊಬೈಲಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಒತ್ತಿ ನೋಡುವ ಮೊದಲು ಕೈಯಲ್ಲಿ ಒಮ್ಮೆ ಗುಣಿಸಿ, ಆಗ ಆ ಹಾರ ಒಂದೊಂದೇ ಹೂವಾಗಿ ಕಟ್ಟಿಕೊಳ್ಳುವುದು ಕಾಣುತ್ತದೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ರಾಜಾದಿತ್ಯ ಕನ್ನಡದಲ್ಲೇ ಗಣಿತ ಗ್ರಂಥ ಬರೆದ. ಗಣಿತ ಇಂಗ್ಲಿಷಿನಲ್ಲಿದ್ದರೇ ಗಣಿತ ಎಂದುಕೊಂಡವರು ಇದನ್ನು ನೆನಪಿಡಬೇಕು.

ಐದು ಸಲ ನಿಜ, ಆರನೆಯ ಸಲ ಸುಳ್ಳು

ಒಂದು ಬಳೆಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ವೃತ್ತದ ಅಂಚಿನಲ್ಲಿ ಎರಡು ಚುಕ್ಕಿ ಇಟ್ಟು ಸೇರಿಸಿದರೆ ವೃತ್ತ ಎರಡು ಭಾಗವಾಗುತ್ತದೆ. ಮೂರು ಚುಕ್ಕಿಗಳನ್ನು ಒಂದಕ್ಕೊಂದು ಸೇರಿಸಿದರೆ ನಾಲ್ಕು ಭಾಗ. ನಾಲ್ಕು ಚುಕ್ಕಿಗೆ ಎಂಟು. ಐದಕ್ಕೆ ಹದಿನಾರು. ಚುಕ್ಕಿಯೇ ಇಲ್ಲದಿದ್ದಾಗ, ಒಂದೇ ಇದ್ದಾಗ ಭಾಗವೂ ಒಂದೇ. ಒಂದು, ಎರಡು, ನಾಲ್ಕು, ಎಂಟು, ಹದಿನಾರು. ಆರು ಚುಕ್ಕಿಗೆ?

ಮೂವತ್ತೆರಡು ಎಂದು ಯಾರ ಬಾಯಲ್ಲಾದರೂ ಬರುತ್ತದೆ. ಮೂರು ಗೆರೆಗಳು ಒಂದೇ ಕಡೆ ಸೇರದಂತೆ ಎಚ್ಚರವಹಿಸಿ ಬರೆದು ಎಣಿಸಿ. ಮೂವತ್ತೊಂದೇ ಬರುತ್ತದೆ. ಮತ್ತೆ ಎಣಿಸಿದರೂ ಮೂವತ್ತೊಂದೇ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು. ಗಣಿತದಲ್ಲಿ ಅದು ಸಾಲದು. ಐದು ಅಗುಳು ಬೆಂದಿದ್ದು ಆರನೆಯದು ಗಟ್ಟಿ ಉಳಿದಿರುವ ಪಾತ್ರೆ ಇಲ್ಲಿದೆ. ಆದ್ದರಿಂದಲೇ ಗಣಿತಜ್ಞರು ಉದಾಹರಣೆಗಳನ್ನು ನಂಬಿ ಕೂರುವುದಿಲ್ಲ, ಸಾಧನೆ ಕೇಳುತ್ತಾರೆ. ಸಾಧನೆ ಎಂದರೆ ಒಂದು ಮಾತು ಏಕೆ ಎಂದೆಂದಿಗೂ ನಿಜ ಎಂಬುದನ್ನು ಯಾರೂ ಅಲುಗಿಸಲಾಗದಂತೆ ತೋರಿಸುವ ವಾದ. ಹತ್ತನೆಯ ತರಗತಿಯಲ್ಲಿ "ಸಾಧಿಸಿ" ಎಂಬ ಪ್ರಶ್ನೆ ಬಂದಾಗ ಮಕ್ಕಳು ಬೆವರುವುದು ಅದರ ಅಗತ್ಯ ಏನೆಂದು ಯಾರೂ ತೋರಿಸದೆ ಇರುವುದರಿಂದ. ಈ ಬಳೆಯ ಚಿತ್ರ ಆ ಅಗತ್ಯವನ್ನು ಐದು ನಿಮಿಷದಲ್ಲಿ ತೋರಿಸುತ್ತದೆ.

ಮೂವತ್ತೊಂದು ಏಕೆ? ಪ್ರತಿ ಹೊಸ ಗೆರೆ ಒಂದು ಭಾಗವನ್ನು ಹೆಚ್ಚಿಸುತ್ತದೆ. ಅದು ಹಳೆಯ ಗೆರೆಯೊಂದನ್ನು ಅಡ್ಡ ಹಾಯ್ದರೆ ಹಾಯ್ದ ಪ್ರತಿ ಕಡೆಗೂ ಇನ್ನೊಂದು ಹೆಚ್ಚುತ್ತದೆ. ಅಂದರೆ ಭಾಗಗಳು ಎಷ್ಟೆಂದು ತಿಳಿಯಲು ಒಂದಕ್ಕೆ ಗೆರೆಗಳ ಸಂಖ್ಯೆಯನ್ನೂ ಗೆರೆಗಳು ಅಡ್ಡ ಹಾಯುವ ಬಿಂದುಗಳ ಸಂಖ್ಯೆಯನ್ನೂ ಕೂಡಿಸಬೇಕು. ಐದು ಚುಕ್ಕಿಗಳಿಗೆ ಹತ್ತು ಗೆರೆ, ಐದು ಬಿಂದು: 1+10+5=16. ಆರು ಚುಕ್ಕಿಗಳಿಗೆ ಹದಿನೈದು ಗೆರೆ, ಹದಿನೈದು ಬಿಂದು: 1+15+15=31. ಎರಡೆರಡು ಪಟ್ಟು ಎಂಬುದು ಕಣ್ಣಿಗೆ ಕಂಡ ಹೊರ ಹೋಲಿಕೆ, ಒಳಗಿನ ನಿಯಮ ಬೇರೆಯೇ.

ಬಸ್ಸಿನ ಸಂಖ್ಯೆಯಲ್ಲಿ ಅಡಗಿರುವ 495

ತುಮಕೂರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಾ ನಿಂತಾಗ ಕೆಎ 06 ಎಂದು ಶುರುವಾಗುವ ಸಂಖ್ಯೆಗಳು ಕಣ್ಣ ಮುಂದೆ ಹಾಯುತ್ತಲೇ ಇರುತ್ತವೆ. ಒಂದರ ಕೊನೆಯ ಮೂರು ಅಂಕಿ ತೆಗೆದುಕೊಳ್ಳಿ. ಮೂರೂ ಒಂದೇ ಆಗಿರಬಾರದು, ಅಷ್ಟೇ ಷರತ್ತು. 482 ಎನ್ನಿ. ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರೆ 842, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ 248. ಕಳೆಯಿರಿ: 594. ಇದಕ್ಕೂ ಹಾಗೆಯೇ ಮಾಡಿ: 954ರಲ್ಲಿ 459 ಕಳೆದರೆ 495. ಮತ್ತೆ ಮಾಡಿದರೆ ಮತ್ತೆ 495. ಬೇರೆ ಸಂಖ್ಯೆ ಹಿಡಿಯಿರಿ, ಮತ್ತೊಂದು ಹಿಡಿಯಿರಿ, ಕೊನೆಗೆ 495ಕ್ಕೇ ಬಂದು ನಿಲ್ಲುತ್ತೀರಿ.

ಬಳೆಯ ಚಿತ್ರ ನೋಡಿದವರು ಈಗ ಸುಮ್ಮನೆ ಒಪ್ಪಬಾರದು. ಯಾವಾಗಲೂ ಹೀಗೆಯೇ ಆಗುತ್ತದೆ ಎಂಬುದಕ್ಕೆ ಸಾಧನೆ ಏನು? 842 ಮತ್ತು 248 ಎರಡರಲ್ಲೂ ನಡುವಿನ ಅಂಕಿ 4. ಕಳೆದಾಗ ಅದು ಲೆಕ್ಕದಿಂದ ಹೊರಗೆ ಹೋಗುತ್ತದೆ. ಉಳಿಯುವುದು ದೊಡ್ಡ ಅಂಕಿ 8, ಸಣ್ಣ ಅಂಕಿ 2. ನೂರರ ಸ್ಥಾನಕ್ಕೂ ಬಿಡಿಯ ಸ್ಥಾನಕ್ಕೂ ಅವು ಅದಲುಬದಲಾಗಿವೆ. ಹಾಗಾಗಿ ಉತ್ತರ ಯಾವಾಗಲೂ ಆ ಎರಡರ ವ್ಯತ್ಯಾಸದ 99 ಪಟ್ಟು. ಇಲ್ಲಿ ವ್ಯತ್ಯಾಸ ಆರು, 99×6=594.

ಈಗ ದೊಡ್ಡ ಅಂಕಿಗೂ ಸಣ್ಣ ಅಂಕಿಗೂ ಇರುವ ವ್ಯತ್ಯಾಸ ಒಂದರಿಂದ ಒಂಬತ್ತರ ಒಳಗೆ ಇರಲೇಬೇಕು. ಅಂದರೆ ನೀವು ಯಾವ ಸಂಖ್ಯೆಯಿಂದ ಹೊರಟರೂ ಮೊದಲ ಹೆಜ್ಜೆಯ ಕೊನೆಗೆ ಕೈಯಲ್ಲಿರುವುದು 099, 198, 297, 396, 495, 594, 693, 792, 891 ಈ ಒಂಬತ್ತರಲ್ಲಿ ಒಂದು. ನೂರಾರು ಸಂಖ್ಯೆಗಳ ಪ್ರಶ್ನೆ ಒಂಬತ್ತಕ್ಕೆ ಇಳಿಯಿತು. ಒಂಬತ್ತನ್ನೂ ಒಂದೊಂದಾಗಿ ನೋಡಬಹುದು: 099ರಿಂದ 891, ಅಲ್ಲಿಂದ 792, 693, 594, ಕೊನೆಗೆ 495. ಉಳಿದ 198, 297, 396 ಕ್ರಮವಾಗಿ 792, 693, 594ಕ್ಕೆ ಹೋಗಿ ಇದೇ ಸಾಲಿಗೆ ಸೇರುತ್ತವೆ. ಇನ್ನು ಯಾವುದೂ ಉಳಿದಿಲ್ಲ. ಸಾಧನೆ ಮುಗಿಯಿತು. ಇದರಲ್ಲಿ ಏಳನೆಯ ತರಗತಿಯ ಮಗುವಿಗೆ ತಿಳಿಯದ್ದು ಏನೂ ಇಲ್ಲ.

ನಾಲ್ಕು ಅಂಕಿ ತೆಗೆದುಕೊಂಡರೆ ನಿಲ್ಲುವ ಜಾಗ 6174. ಉದಾಹರಣೆಗೆ 4071: 7410ರಲ್ಲಿ 0147 ಕಳೆದರೆ 7263. ಅಲ್ಲಿಂದ 5265, 3996, 6264, 4176, ಆಮೇಲೆ 6174. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವ ನಾಲ್ಕು ಅಂಕಿಯ ಸಂಖ್ಯೆಯಾದರೂ ಏಳು ಹೆಜ್ಜೆ ಮೀರದೆ ಇಲ್ಲಿಗೆ ಬರುತ್ತದೆ. ಇದನ್ನು 1949ರಲ್ಲಿ ಲೋಕಕ್ಕೆ ತಿಳಿಸಿದವರು ಡಿ. ಆರ್. ಕಪ್ರೇಕರ್. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಅವರ ಹೆಸರನ್ನು ಇಂದು ಜಗತ್ತಿನ ಗಣಿತಾಸಕ್ತರೆಲ್ಲ ಬಲ್ಲರು. ಅವರು ಕೆಲಸ ಮಾಡಿದ ಸಲಕರಣೆ ಅಂಕಿಗಳು ಮತ್ತು ಕುತೂಹಲ ಇಷ್ಟೇ. ಐದು ಅಂಕಿಗಳಿಗೆ ಇಂಥ ಒಂದೇ ನಿಲ್ದಾಣ ಇಲ್ಲ, ಸಂಖ್ಯೆಗಳು ಒಂದು ಸುತ್ತಿನಲ್ಲಿ ಸಿಕ್ಕಿ ತಿರುಗುತ್ತಲೇ ಇರುತ್ತವೆ. ಬಸ್ಸು ಬರುವುದು ತಡವಾದರೆ ನೋಡಬಹುದು.

ಧನುರ್ಮಾಸದ ಅಂಗಳ ಮತ್ತು ಎತ್ತದ ಕೈ

ಗಣಿತ ದಿನ ಬರುವುದು ಧನುರ್ಮಾಸದಲ್ಲಿ. ಆ ತಿಂಗಳು ನಸುಕಿನಲ್ಲೇ ಎದ್ದು ಅಂಗಳ ಸಾರಿಸಿ ರಂಗೋಲಿ ಹಾಕುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಬೇಕಾದಷ್ಟಿವೆ. ಚುಕ್ಕಿ ಇಟ್ಟು ಎಳೆ ಎಳೆಯುವ ಅಜ್ಜಿಯನ್ನು ಕೇಳಿ: ಯಾವ ಚಿತ್ರವನ್ನು ಒಂದೇ ಎಳೆಯಲ್ಲಿ ಮುಗಿಸಬಹುದು, ಯಾವುದನ್ನು ಆಗದು?

ಒಂದು ಚೌಕ ಬರೆದು ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಎಳೆಯಿರಿ. ಕೈ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಹೋಗದೆ, ಇದನ್ನು ಮುಗಿಸಲು ಪ್ರಯತ್ನಿಸಿ. ಆಗುವುದಿಲ್ಲ. ಅದೇ ಚೌಕದ ಮೇಲೆ ಮನೆಯ ಸೂರಿನಂತೆ ಎರಡು ಗೆರೆ ಸೇರಿಸಿ. ಗೆರೆ ಹೆಚ್ಚಾದರೂ ಈಗ ಆಗುತ್ತದೆ! ಆದರೆ ಕೆಳಗಿನ ಎರಡು ಮೂಲೆಗಳಲ್ಲಿ ಒಂದರಿಂದ ಹೊರಟರೆ ಮಾತ್ರ. ಮಕ್ಕಳು ಸಾಮಾನ್ಯವಾಗಿ ಸೂರಿನ ತುದಿಯಿಂದ ಶುರುಮಾಡಿ ಸೋಲುತ್ತಾರೆ. ಸೋಲಲಿ, ಎಲ್ಲಿಂದ ಹೊರಡಬೇಕು ಎಂಬ ಪ್ರಶ್ನೆ ಹುಟ್ಟುವುದೇ ಆಗ.

ಗುಟ್ಟು ಹೀಗಿದೆ. ಎಳೆ ಒಂದು ಮೂಲೆಗೆ ಬಂದರೆ ಅಲ್ಲಿಂದ ಹೊರಡಲೂಬೇಕು. ಬರುವುದಕ್ಕೊಂದು, ಹೋಗುವುದಕ್ಕೊಂದು ಎಂದು ಗೆರೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಹಾಗಾಗಿ ನಡುವೆ ಸಿಗುವ ಪ್ರತಿ ಮೂಲೆಯಲ್ಲೂ ಸೇರುವ ಗೆರೆಗಳ ಸಂಖ್ಯೆ ಸಮವಾಗಿರಬೇಕು. ಹೊರಟ ಜಾಗ, ಮುಗಿಸಿದ ಜಾಗ ಈ ಎರಡಕ್ಕೆ ಮಾತ್ರ ವಿನಾಯಿತಿ. ಅಲ್ಲಿ ಬೆಸವಿದ್ದರೂ ನಡೆಯುತ್ತದೆ. ಮೊದಲ ಚಿತ್ರದಲ್ಲಿ ನಾಲ್ಕು ಮೂಲೆಗಳಲ್ಲೂ ಮೂರು ಮೂರು ಗೆರೆ, ನಾಲ್ಕೂ ಬೆಸ, ಆದ್ದರಿಂದ ಸಾಧ್ಯವೇ ಇಲ್ಲ. ಸೂರು ಸೇರಿಸಿದಾಗ ಮೇಲಿನ ಎರಡು ಮೂಲೆಗಳು ನಾಲ್ಕು ನಾಲ್ಕಾಗಿ ಸಮವಾದವು, ಕೆಳಗಿನ ಎರಡೇ ಬೆಸವಾಗಿ ಉಳಿದವು.

1736ರಲ್ಲಿ ಲಿಯೋನಾರ್ಡ್ ಆಯ್ಲರ್ ಎಂಬ ಸ್ವಿಸ್ ಗಣಿತಜ್ಞ ಉತ್ತರಿಸಿದ್ದು ಇದೇ ಪ್ರಶ್ನೆಯನ್ನು. ಕೋನಿಗ್ಸ್‌ಬರ್ಗ್ ಎಂಬ ಊರಿನ ಹೊಳೆಗೆ ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎಂಬುದು ಅಲ್ಲಿನವರ ಒಗಟು. ಭೂಭಾಗಗಳನ್ನು ಚುಕ್ಕಿಗಳಾಗಿ, ಸೇತುವೆಗಳನ್ನು ಗೆರೆಗಳಾಗಿ ನೋಡಿದ ಆಯ್ಲರ್, ನಾಲ್ಕು ಚುಕ್ಕಿಗಳೂ ಬೆಸವಾದ್ದರಿಂದ ಆಗದು ಎಂದು ತೋರಿಸಿದ. ಸಂಜೆಯ ಅಡ್ಡಾಟಕ್ಕೆ ಹುಟ್ಟಿದ ಆ ಒಗಟಿನಿಂದ ಗ್ರಾಫ್ ಸಿದ್ಧಾಂತ ಎಂಬ ಗಣಿತದ ಶಾಖೆಯೇ ಬೆಳೆಯಿತು. ಮೊಬೈಲಿನ ನಕಾಶೆ ಗುಬ್ಬಿಯಿಂದ ಕುಣಿಗಲ್‌ಗೆ ದಾರಿ ಹುಡುಕಿಕೊಡುವುದು ಊರುಗಳನ್ನು ಚುಕ್ಕಿಗಳಾಗಿ, ರಸ್ತೆಗಳನ್ನು ಗೆರೆಗಳಾಗಿ ಇಟ್ಟುಕೊಂಡ ಆ ಗಣಿತದಿಂದಲೇ.

ನಾಲ್ಕು ಕವಡೆಗಳು

ಚೌಕಾಬಾರ ಆಡಿದವರಿಗೆ ಎಂಟು ಬೀಳುವುದು ಅಪರೂಪ ಎಂಬುದು ಅನುಭವದಿಂದ ಗೊತ್ತು. ಏಕೆ ಅಪರೂಪ? ಒಂದು ಕವಡೆ ಅಂಗಾತ ಬೀಳಬಹುದು ಅಥವಾ ಬೋರಲು ಬೀಳಬಹುದು. ನಾಲ್ಕು ಕವಡೆಗಳಿಗೆ 2×2×2×2, ಒಟ್ಟು ಹದಿನಾರು ಬಗೆ. ನಾಲ್ಕೂ ಬೋರಲಾದರೆ ಎಂಟು, ಅದು ಹದಿನಾರರಲ್ಲಿ ಒಂದೇ ಬಗೆ. ನಾಲ್ಕೂ ಅಂಗಾತವಾದರೆ ನಾಲ್ಕು, ಅದೂ ಒಂದೇ. ಒಂದು ಅಂಗಾತವಾಗುವುದು ನಾಲ್ಕು ಬಗೆ, ಮೂರು ಅಂಗಾತವಾಗುವುದೂ ನಾಲ್ಕು ಬಗೆ, ಎರಡಕ್ಕೆ ಆರು ಬಗೆ. ಹತ್ತನೆಯ ತರಗತಿಯ "ಸಂಭವನೀಯತೆ" ಎಂಬ ಪಾಠ ಇದೇ.

ಕವಡೆ ನಾಣ್ಯದಂತೆ ಸಮತಟ್ಟಲ್ಲ, ಅಂಗಾತ ಬೀಳುವ ಅವಕಾಶ ಸರಿಯಾಗಿ ಅರ್ಧವೇ ಇರಬೇಕಿಲ್ಲ. ಮನೆಯ ಕವಡೆಗಳನ್ನು ನೂರು ಸಲ ಹಾಕಿ ಬರೆದಿಟ್ಟುಕೊಂಡರೆ ಲೆಕ್ಕಕ್ಕೂ ಆಟಕ್ಕೂ ಎಷ್ಟು ಅಂತರ ಎಂಬುದು ತಿಳಿಯುತ್ತದೆ. ಮಕ್ಕಳಿಗೆ ಒಂದು ಮಧ್ಯಾಹ್ನದ ಕೆಲಸವಾಯಿತು.

ಮನೆಯಲ್ಲಿ ಇದನ್ನು ಮಾಡುವುದು ಹೇಗೆ?

ಪರೀಕ್ಷೆಯಲ್ಲಿ ಇದರಿಂದ ಅಂಕ ಬರುತ್ತದೆಯೇ ಎಂದು ಕೇಳುವ ತಂದೆತಾಯಿಗಳನ್ನು ದೂರುವಂತಿಲ್ಲ, ಎಸ್ಸೆಸ್ಸೆಲ್ಸಿ ಅವರ ಕಣ್ಣ ಮುಂದಿದೆ. ಕಾಯಿಯ ಒಗಟು ಭಾಗಾಕಾರ ಮತ್ತು ಶೇಷದ ಪಾಠ, ಕವಡೆ ಸಂಭವನೀಯತೆ, 495 ಸ್ಥಾನಬೆಲೆ. ಪಾಠಗಳ ನಂಟು ಇದ್ದೇ ಇದೆ. ಆದರೆ ಅದಕ್ಕಿಂತ ದೊಡ್ಡ ಕಾರಣವೊಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತ ಕಲಿಸುವುದರ ಮುಖ್ಯ ಗುರಿ ಮಗುವಿನ ಯೋಚನೆಯನ್ನೇ ಗಣಿತದ ಹಾದಿಗೆ ತರುವುದು ಎಂದು ಹೇಳಿತು. ಸೂತ್ರಗಳ ಬಾಯಿಪಾಠದಿಂದ ಅದು ಆಗುವ ಕೆಲಸವಲ್ಲ.

ಒಗಟು ಕೊಟ್ಟ ಮೇಲೆ ಉತ್ತರ ಹೇಳಬಾರದು. ಇದು ಕಷ್ಟ, ಏಕೆಂದರೆ ಉತ್ತರ ಗೊತ್ತಿರುವವರಿಗೆ ನಾಲಿಗೆ ತುರಿಸುತ್ತದೆ. ಮಗು ನಿಂತಾಗ "ಮೂವರ ಬದಲು ಇಬ್ಬರೇ ಇದ್ದಿದ್ದರೆ ಏನಾಗುತ್ತಿತ್ತು?" ಎಂದು ಕೇಳಿ. ಲೆಕ್ಕವನ್ನು ಚಿಕ್ಕದು ಮಾಡಿ ನೋಡುವುದು, ಹಿಂದಿನಿಂದ ಬರುವುದು, ಚಿತ್ರ ಬರೆಯುವುದು, ಪಟ್ಟಿ ಮಾಡುವುದು ಈ ನಾಲ್ಕು ಹೆಚ್ಚಿನ ಒಗಟುಗಳಿಗೆ ಬಾಗಿಲು ತೆರೆಯುತ್ತವೆ. ಗಡಿಯಾರ ಹಿಡಿದು ಕೂರಬೇಡಿ. ಬೇಗ ಹೇಳಿದವರೇ ಜಾಣರು ಎಂಬ ನಂಬಿಕೆ ನಿಧಾನವಾಗಿ ಆಳಕ್ಕೆ ಇಳಿಯುವ ಎಷ್ಟೋ ಮಕ್ಕಳನ್ನು ಗಣಿತದಿಂದ ಓಡಿಸಿದೆ. ಎರಡು ದಿನ ತಲೆಯಲ್ಲಿಟ್ಟುಕೊಂಡು ಮೂರನೆಯ ದಿನ ಶಾಲೆಗೆ ಹೋಗುವ ದಾರಿಯಲ್ಲಿ ಹೊಳೆದರೂ ಅದು ಮಗು ತಾನೇ ಕಂಡ ಉತ್ತರ. ಹೊಳೆದ ಮೇಲೆ ಎರಡೇ ಪ್ರಶ್ನೆ ಕೇಳಿ: ಏಕೆ ಹೀಗಾಯಿತು? ಯಾವಾಗಲೂ ಹೀಗೆಯೇ ಆಗುತ್ತದೆಯೇ?

ಉತ್ತರ ಯಾರಿಗೂ ಗೊತ್ತಿಲ್ಲದ ಒಗಟು

ಆ ಎರಡನೆಯ ಪ್ರಶ್ನೆಗೆ ಇನ್ನೂ ಉತ್ತರ ಸಿಗದ ಲೆಕ್ಕಗಳಿವೆ ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ. ಒಂದನ್ನು ಮೂರನೆಯ ತರಗತಿಯ ಮಗುವೂ ಮಾಡಿ ನೋಡಬಹುದು. ಯಾವುದಾದರೂ ಸಂಖ್ಯೆ ಹಿಡಿಯಿರಿ. ಸಮವಾದರೆ ಅರ್ಧ ಮಾಡಿ. ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. ಬಂದದ್ದಕ್ಕೆ ಮತ್ತೆ ಹಾಗೆಯೇ ಮಾಡಿ. ಆರರಿಂದ ಹೊರಟರೆ 3, 10, 5, 16, 8, 4, 2, 1. ಒಂದಕ್ಕೆ ಬಂದು ಮುಟ್ಟಿತು. ಎಲ್ಲ ಸಂಖ್ಯೆಗಳೂ ಕೊನೆಗೆ ಒಂದಕ್ಕೆ ಬರುತ್ತವೆಯೇ? ಜರ್ಮನಿಯ ಲೋಥರ್ ಕೊಲಾಟ್ಸ್ 1937ರಲ್ಲಿ ಎತ್ತಿದ ಪ್ರಶ್ನೆ ಇದು. 2020ರ ಹೊತ್ತಿಗೆ ಕಂಪ್ಯೂಟರುಗಳು 2ರ 68ನೆಯ ಘಾತದವರೆಗಿನ, ಅಂದರೆ 21 ಅಂಕಿಗಳಷ್ಟು ದೊಡ್ಡ ಸಂಖ್ಯೆಗಳವರೆಗೆ ಒಂದೂ ಬಿಡದೆ ಪರೀಕ್ಷಿಸಿದ್ದವು. ಎಲ್ಲವೂ ಒಂದಕ್ಕೇ ಬಂದವು. ಸಾಧನೆ ಮಾತ್ರ ಇನ್ನೂ ಸಿಕ್ಕಿಲ್ಲ.

ಮನೆಯಲ್ಲಿ 7ರಿಂದ ಶುರುಮಾಡಿ, ಹದಿನಾರು ಹೆಜ್ಜೆಯಲ್ಲಿ ಮುಗಿಯುತ್ತದೆ. 26ಕ್ಕೆ ಹತ್ತೇ ಹೆಜ್ಜೆ. 27ಕ್ಕೆ ಕೈ ಹಾಕುವವರು ಮಾತ್ರ ಹಾಳೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ, ಅದು 9232ರವರೆಗೆ ಏರಿ, ಒಂದಕ್ಕೆ ಇಳಿಯಲು 111 ಹೆಜ್ಜೆ ತೆಗೆದುಕೊಳ್ಳುತ್ತದೆ.